ಮುಗಿಯದ ಕೆಲಸದ ಧರ್ಮ

ಮಾಡುವ ಕೆಲಸದ ಫಲವು ತನಗೆ ದೊರೆಯಲಾರದೆಂದು ಮೊದಲೇ ತಿಳಿದಿದ್ದೂ ಆ ಕೆಲಸವನ್ನು ಕೈಗೆತ್ತಿಕೊಳ್ಳುವುದು ಉಚಿತವೆ? ಈ ಪ್ರಶ್ನೆಗೆ ನಮ್ಮಲ್ಲಿ ಸಿದ್ಧವಾದ ಉತ್ತರವೊಂದಿದೆ. ಫಲಾಪೇಕ್ಷೆಯಿಲ್ಲದೆ ಕರ್ಮವನ್ನು ಮಾಡತಕ್ಕದ್ದೆಂದು ಗೀತೆಯನ್ನು ಓದದವರೂ ಹೇಳಬಲ್ಲರು. ಉಪಾಧ್ಯಾಯರಾದ ನಾವಂತೂ ನೀತಿಪಾಠದ ಗಂಟೆಯಲ್ಲಿ ಈ ಮಾತನ್ನು ಎಷ್ಟು ಸಲ ಹೇಳಿದ್ದೇವೆಯೋ ಲೆಕ್ಕವಿಲ್ಲ. ಆದರೆ ಪ್ರಶ್ನೆಯನ್ನು ತುಸು ತಿರುಗಿಸಿ ನೋಡಿದರೆ ಆ ಉತ್ತರವು ಅಷ್ಟು ಸುಲಭವಾಗಿ ಒದಗುವುದಿಲ್ಲ. ಫಲವು ತನಗೆ ದೊರೆಯದಿರುವುದು ಒಂದು ವಿಚಾರ. ಕೆಲಸವೇ ತನ್ನ ಕೈಯಲ್ಲಿ ಮುಗಿಯದಿರುವುದು ಬೇರೊಂದು ವಿಚಾರ. ಮುಗಿಸಲಾರೆನೆಂದು ಬಲ್ಲವನು ಕೆಲಸವನ್ನು ಹಿಡಿದರೆ ಅವನನ್ನು ನಿಷ್ಕಾಮಿಯೆಂದು ಕೊಂಡಾಡಬೇಕೋ, ಆರಂಭಶೂರನೆಂದು ಹಳಿಯಬೇಕೋ?

ಇದು ಕೇವಲ ತರ್ಕಕ್ಕಾಗಿ ಹೂಡಿದ ಪ್ರಶ್ನೆಯಲ್ಲ. ನಮ್ಮ ಶಾಲೆಯಲ್ಲಿ ಕನ್ನಡದಲ್ಲಿ ಓದಿ, ಮುಂದೆ ಕೃಷಿವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ವಿದ್ಯಾರ್ಥಿನಿಯೊಬ್ಬಳಿಗೆ, ರೋಗವನ್ನು ತಡೆಯಬಲ್ಲ ಆಲೂಗೆಡ್ಡೆಯ ತಳಿಗಳನ್ನು ರೂಪಿಸುವ ಸಂಶೋಧನಾಲಯವೊಂದರಲ್ಲಿ ಸ್ಥಾನ ದೊರೆಯುವ ಸಂಭವವಿದೆ. ಡಾಕ್ಟರೇಟ್ ಆದ ಬಳಿಕ ತರುಣ ವಿದ್ವಾಂಸರಿಗೆ ಕೊಡುವ ಇಂತಹ ಸ್ಥಾನಗಳ ಅವಧಿ ಸಾಮಾನ್ಯವಾಗಿ ಎರಡು ಮೂರು ವರ್ಷ. ಆಲೂಗೆಡ್ಡೆಯ ಹೊಸ ತಳಿಯಾದರೋ ಮೊದಲ ಸಂಕರದಿಂದ ಹೊರಟು ರೈತನ ಹೊಲವನ್ನು ಮುಟ್ಟಲು ಹತ್ತು ಹನ್ನೆರಡು ವರ್ಷ ಬೇಕು. ಕಾಡುಜಾತಿಯ ಗುಣವನ್ನು ತರಬೇಕಾದರೆ ಇನ್ನೂ ಹೆಚ್ಚು. "ಮೂರು ವರ್ಷದಲ್ಲಿ ಅವಳು ಏನನ್ನು ಮುಗಿಸಿಯಾಳು?" ಎಂದು ಅವಳ ತಂದೆ ನನ್ನನ್ನು ಕೇಳಿದರು. ಅವರು ಆಲೂಗೆಡ್ಡೆ ಬೆಳೆಯುವ ಮನೆತನದವರು. ಅವರ ಪ್ರಶ್ನೆಯಲ್ಲಿ ಮಗಳ ಭವಿಷ್ಯದ ಚಿಂತೆಯಿದ್ದಂತೆಯೇ ಆಲೂಗೆಡ್ಡೆಯ ಚಿಂತೆಯೂ ಇತ್ತೆಂದು ನನಗೆ ತೋರಿತು. ಎರಡನ್ನೂ ಗೌರವಿಸುವ ಉತ್ತರವನ್ನು ಹುಡುಕುವುದಕ್ಕಾಗಿ ಈ ಲೇಖನ.

ಮೊದಲು ಆಲೂಗೆಡ್ಡೆಯ ತಳಿಯನ್ನು ಮಾಡುವ ಬಗೆಯನ್ನು ತಿಳಿಯಬೇಕು. ಅದನ್ನು ತಿಳಿಯದೆ ಇಲ್ಲಿ ಧರ್ಮಾಧರ್ಮಗಳನ್ನು ವಿಚಾರಿಸಲಾಗದು. ಆಲೂಗೆಡ್ಡೆಯನ್ನು ರೈತನು ಬೀಜದಿಂದ ಬೆಳೆಯುವುದಿಲ್ಲ. ಕಣ್ಣುಳ್ಳ ಗೆಡ್ಡೆಯನ್ನೇ ನೆಡುತ್ತಾನೆ. ಹಾಗೆ ನೆಟ್ಟುದರಿಂದ ಮೇಲೆದ್ದು ಬರುವುದು ಹೊಸ ಗಿಡವಲ್ಲ, ಹಳೆಯ ಗಿಡದ ಒಂದು ತುಂಡು. ಒಂದು ತಳಿಯನ್ನು ಸಾವಿರ ಎಕರೆಯಲ್ಲಿ ಬೆಳೆದರೂ ಅದು ಒಂದರ್ಥದಲ್ಲಿ ಒಂದೇ ಗಿಡ. ಆದರೆ ಆಲೂಗೆಡ್ಡೆಗೂ ಹೂವುಂಟು. ಎಳೆಯ ಟೊಮ್ಯಾಟೊವನ್ನು ಹೋಲುವ ಹಸುರು ಕಾಯುಂಟು. ಕಾಯಿಯೊಳಗೆ ನಿಜವಾದ ಬೀಜವುಂಟು. ತಳಿವಿಜ್ಞಾನಿಗೆ ಬೇಕಾದದ್ದು ಈ ಬೀಜ. ನಮ್ಮ ಬಯಲುಸೀಮೆಯ ಚಳಿಗಾಲದ ಗಿಡ್ಡ ಹಗಲಿನಲ್ಲಿ ಆಲೂಗೆಡ್ಡೆ ಸರಿಯಾಗಿ ಹೂಬಿಡುವುದಿಲ್ಲ. ಬೇಸಗೆಯ ದೀರ್ಘ ಹಗಲು ಬೇಕು, ಬೆಟ್ಟದ ತಂಪೂ ಬೇಕು. ಆದಕಾರಣವೇ ಸಂಕರದ ಕೆಲಸವನ್ನು ಶಿಮ್ಲಾದ ಸಮೀಪದ ಕುಫ್ರಿ ಎಂಬ ಬೆಟ್ಟದಲ್ಲಿ ನಡೆಸುತ್ತಾರೆ. ಕುಫ್ರಿ ಜ್ಯೋತಿ, ಕುಫ್ರಿ ಸ್ವರ್ಣ ಎಂದು ಬಿತ್ತನೆ ಗೆಡ್ಡೆಯ ಚೀಲದ ಮೇಲೆ ಕಾಣುವ ಹೆಸರುಗಳ ಮೊದಲ ಅರ್ಧ ಆ ಊರಿನದು.

ಬೀಜದಿಂದ ಹುಟ್ಟಿದ ಸಸಿಗಳಲ್ಲಿ ಒಂದು ಮತ್ತೊಂದರಂತೆ ಇರುವುದಿಲ್ಲ. ನಾವು ತಿನ್ನುವ ಆಲೂಗೆಡ್ಡೆಯ ಕೋಶದಲ್ಲಿ ವರ್ಣತಂತುಗಳು ನಾಲ್ಕು ಗಣಗಳಾಗಿ, ಒಟ್ಟು 48 ಇರುವುದರಿಂದ, ತಾಯಿತಂದೆಯರ ಗುಣಗಳು ಇಸ್ಪೀಟಿನ ಎಲೆಗಳಂತೆ ಕಲಸಿಹೋಗುತ್ತವೆ. ರೋಗವನ್ನು ತಡೆಯುವ ಸಸಿಯ ಗೆಡ್ಡೆ ಸೊಟ್ಟಗಿರಬಹುದು. ಗೆಡ್ಡೆ ಚೆಲುವಾಗಿರುವ ಸಸಿ ರೋಗಕ್ಕೆ ಮೊದಲು ಬಲಿಯಾಗಬಹುದು. ಎರಡೂ ಸರಿಯಿದ್ದದ್ದು ಸಂಗ್ರಹದಲ್ಲಿ ತಿಂಗಳೊಳಗೆ ಮೊಳೆಯಬಹುದು. ಹೀಗಿರಲು ಹತ್ತಾರು ಸಾವಿರ ಸಸಿಗಳನ್ನು ಬೆಳೆಸಿ, ವರ್ಷವರ್ಷವೂ ಆರಿಸಿ, ಉಳಿದುದನ್ನು ಎಸೆಯಬೇಕು. ಮೊದಲ ವರ್ಷ ಸಸಿಯೊಂದರಿಂದ ದೊರೆಯುವುದು ಬೆರಳೆಣಿಕೆಯ ಸಣ್ಣ ಗೆಡ್ಡೆಗಳು. ಮರುವರ್ಷ ಒಂದು ಸಾಲು, ಆಮೇಲೆ ಒಂದು ಪಾತಿ, ಅನಂತರ ಬೇರೆ ಬೇರೆ ಸೀಮೆಗಳಲ್ಲಿ ಪರೀಕ್ಷೆ. ಹತ್ತು ವರ್ಷವೆಂಬುದು ಅಲಸ್ಯದ ಲೆಕ್ಕವಲ್ಲವೆಂದು ಇದರಿಂದ ತಿಳಿಯುತ್ತದೆ.

ಇಷ್ಟೆಲ್ಲ ಶ್ರಮ ಏಕೆಂದು ಕೇಳುವ ಮಕ್ಕಳಿಗೆ ಐರ್ಲೆಂಡಿನ ಚರಿತ್ರೆಯನ್ನು ಹೇಳಬೇಕು. 1841ರ ಜನಗಣತಿಯಲ್ಲಿ ಆ ದ್ವೀಪದಲ್ಲಿ 81 ಲಕ್ಷಕ್ಕೆ ಮೇಲ್ಪಟ್ಟು ಜನರಿದ್ದರು. ಬಡವರ ಊಟವೆಂದರೆ ಆಲೂಗೆಡ್ಡೆ, ಆಲೂಗೆಡ್ಡೆಯೆಂದರೆ ಬಹುಮಟ್ಟಿಗೆ ಲಂಪರ್ ಎಂಬ ಒಂದೇ ತಳಿ. 1845ರ ಸೆಪ್ಟೆಂಬರಿನಲ್ಲಿ ಅಂಗಮಾರಿ ರೋಗವು ಅಲ್ಲಿಗೆ ಬಂತು. ಎಲೆಗಳು ಕಪ್ಪಾದವು, ನೆಲದೊಳಗಿನ ಗೆಡ್ಡೆ ಕೊಳೆತು ನಾರಿತು. ಮುಂದಿನ ಏಳೆಂಟು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ಜ್ವರಗಳಿಂದಲೂ ಸತ್ತರು. ಅದಕ್ಕೂ ಹೆಚ್ಚು ಮಂದಿ ಹಡಗು ಹತ್ತಿ ದೇಶ ಬಿಟ್ಟರು. ಅದೇ ವರ್ಷಗಳಲ್ಲಿ ಐರ್ಲೆಂಡಿನಿಂದ ಧಾನ್ಯವೂ ದನಗಳೂ ಇಂಗ್ಲೆಂಡಿಗೆ ರಫ್ತಾಗುತ್ತಿದ್ದವೆಂಬುದನ್ನು ಮರೆಯಬಾರದು. ರೋಗವು ಬೆಳೆಯನ್ನು ಕೊಂದಿತು. ಜನರನ್ನು ಕೊಂದದ್ದರಲ್ಲಿ ರಾಜ್ಯನೀತಿಗೂ ಪಾಲಿತ್ತು. ತಳಿಯೊಂದರಿಂದಲೇ ಕ್ಷಾಮವು ನೀಗುವುದೆಂದು ನಂಬುವವರು ಇದನ್ನು ನೆನಪಿಡುವುದು ಒಳ್ಳೆಯದು. ಬರ್ಕ್‌ಲಿ ಎಂಬ ಪಾದ್ರಿಯು 1846ರಲ್ಲಿಯೇ ರೋಗಕ್ಕೆ ಒಂದು ಸೂಕ್ಷ್ಮಜೀವಿಯೇ ಕಾರಣವೆಂದು ವಾದಿಸಿದರೂ ಬಹಳ ಮಂದಿ ಒಪ್ಪಲಿಲ್ಲ. ಆ್ಯಂಟನ್ ಡಿ ಬಾರಿ ಎಂಬ ಜರ್ಮನ್ ವಿಜ್ಞಾನಿಯು ಅದನ್ನು ಸಂಶಯಾತೀತವಾಗಿ ಸ್ಥಾಪಿಸಿ, 1876ರಲ್ಲಿ ಅದಕ್ಕೆ ಫೈಟಾಫ್ತೊರ ಎಂದು ನಾಮಕರಣ ಮಾಡಿದನು. ಗ್ರೀಕ್ ಭಾಷೆಯಲ್ಲಿ ಆ ಶಬ್ದಕ್ಕೆ ಸಸ್ಯನಾಶಕವೆಂದು ಅರ್ಥ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಉಪಾಯವೊಂದು ಹೊಳೆಯಿತು. ಮೆಕ್ಸಿಕೋದ ಬೆಟ್ಟಗಳಲ್ಲಿ ತಾನಾಗಿ ಬೆಳೆಯುವ ಸೊಲಾನಮ್ ಡೆಮಿಸಮ್ ಎಂಬ ಕಾಡು ಆಲೂಗೆಡ್ಡೆಗೆ ಅಂಗಮಾರಿ ತಗಲುವುದಿಲ್ಲವೆಂದು ಕಂಡುಬಂತು. ಅದನ್ನು ಸಾಗುವಳಿಯ ಆಲೂಗೆಡ್ಡೆಯೊಡನೆ ಸಂಕರಿಸಿ, ಅದರ ನಿರೋಧಕ ಗುಣಾಣುಗಳನ್ನು ಒಂದೊಂದಾಗಿ ತಂದರು. ಅಂತಹ ಗುಣಾಣುಗಳಿಗೆ ಒಂದರಿಂದ ಹನ್ನೊಂದರವರೆಗೆ ಕ್ರಮಸಂಖ್ಯೆ ಕೊಟ್ಟಿದ್ದಾರೆ. ಆದರೆ ಪ್ರತಿಯೊಂದು ಹೊಸ ತಳಿಯೂ ಹೊಲಕ್ಕಿಳಿದ ಕೆಲವೇ ವರ್ಷಗಳಲ್ಲಿ ರೋಗಾಣುವಿನ ಹೊಸ ಬಗೆಯೊಂದು ತಲೆಯೆತ್ತಿ ಆ ಗುಣಾಣುವನ್ನು ನಿಷ್ಫಲಗೊಳಿಸಿತು. ಹೊಸ ಬೀಗಕ್ಕೆ ಕಳ್ಳನು ಹೊಸ ಕೀಲಿಯನ್ನು ಮಾಡಿಸಿಕೊಂಡಂತಾಯಿತು.

ಇಲ್ಲಿ ನಮ್ಮ ಪ್ರಶ್ನೆಯ ರೂಪವೇ ಬದಲಾಗುತ್ತದೆಂಬುದನ್ನು ವಾಚಕರು ಗಮನಿಸಬೇಕು. ಮೂರು ವರ್ಷದಲ್ಲಿ ಮುಗಿಯದ ಕೆಲಸ ಹನ್ನೆರಡು ವರ್ಷದಲ್ಲಿ ಮುಗಿಯುವುದೆಂದು ನಾವು ತಿಳಿದಿದ್ದೆವು. ಅದು ಹನ್ನೆರಡಕ್ಕೂ ಮುಗಿಯುವುದಿಲ್ಲ. ಕುಫ್ರಿ ಜ್ಯೋತಿ ತಳಿಯು 1968ರಲ್ಲಿ ಹೊರಬಂದಾಗ ಅದಕ್ಕೆ ಅಂಗಮಾರಿಯನ್ನು ತಡೆಯುವ ಶಕ್ತಿಯಿತ್ತು. ವರ್ಷಗಳು ಕಳೆದಂತೆ ಆ ಶಕ್ತಿ ಕುಂದಿತು. ಜಲಂಧರದಿಂದ ಬಿತ್ತನೆ ಗೆಡ್ಡೆಯನ್ನು ತರಿಸಿ ಮಳೆಗಾಲದಲ್ಲಿ ಆಲೂಗೆಡ್ಡೆ ಬೆಳೆಯುವ ಹಾಸನದ ಸೀಮೆಯ ರೈತರು ಇದರ ಪರಿಣಾಮವನ್ನು ಬಲ್ಲರು. ಆ ತಳಿಯನ್ನು ರೂಪಿಸಿದವರು ಕೆಲಸವನ್ನು ಸರಿಯಾಗಿ ಮುಗಿಸಲಿಲ್ಲವೆನ್ನೋಣವೆ? ಹಾಗೆನ್ನುವುದು ನ್ಯಾಯವಾಗದು. ಮುಗಿಯುವುದು, ಮುಗಿಯದಿರುವುದು ಎಂಬ ಅಳತೆಗೋಲು ಈ ಕೆಲಸಕ್ಕೆ ಹೊಂದುವುದೇ ಇಲ್ಲ. ಅಡುಗೆಗೆ ಹೊಂದುತ್ತದೆಯೇ? ಮನೆಯ ತಾಯಂದಿರನ್ನು ಕೇಳಿ ನೋಡಿ.

ದಕ್ಷಿಣ ಆಫ್ರಿಕದ ವ್ಯಾಂಡರ್‌ಪ್ಲಾಂಕ್ ಎಂಬ ಸಸ್ಯರೋಗ ವಿಜ್ಞಾನಿಯು 1963ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ವಿಚಾರವನ್ನು ಎತ್ತಿ ತೋರಿಸಿದನು. ಅದು ಸಸ್ಯಗಳನ್ನು ಕುರಿತದ್ದಾದರೂ ನನಗೆ ಮನುಷ್ಯರ ವಿಷಯದಲ್ಲಿಯೂ ಯೋಚನೆಗೆ ಹಚ್ಚಿದೆ. ವರ್ಟಿಫೋಲಿಯಾ ಎಂಬ ಆಲೂಗೆಡ್ಡೆಯ ತಳಿಯಲ್ಲಿ ಪ್ರಬಲವಾದ ನಿರೋಧಕ ಗುಣಾಣುಗಳಿದ್ದವು. ಅವು ಇದ್ದಷ್ಟು ಕಾಲ ರೋಗದ ಸುಳಿವಿರಲಿಲ್ಲ. ರೋಗವೇ ಕಾಣದಿದ್ದಾಗ, ರೋಗ ತಗಲಿದರೂ ಸಹಿಸಿಕೊಂಡು ನಿಲ್ಲುವ ಸಾಧಾರಣ ಶಕ್ತಿಯು ಯಾವ ಸಸಿಯಲ್ಲಿದೆ, ಯಾವುದರಲ್ಲಿಲ್ಲ ಎಂಬುದು ಆರಿಸುವವರ ಕಣ್ಣಿಗೆ ಬೀಳಲಿಲ್ಲ. ಅದು ಯಾರಿಗೂ ತಿಳಿಯದಂತೆ ಸೋರಿಹೋಯಿತು. ಪ್ರಬಲ ಗುಣಾಣುವನ್ನು ರೋಗವು ಮೀರಿದ ದಿನ, ಹಿಂದೆ ನಿಲ್ಲುವವರೇ ಇರಲಿಲ್ಲ. ಹಳೆಯ ಸಾಮಾನ್ಯ ತಳಿಗಳಿಗಿಂತಲೂ ಹೀನವಾಗಿ ವರ್ಟಿಫೋಲಿಯಾ ನೆಲಕಚ್ಚಿತು. ಈ ಬಗೆಯ ನಷ್ಟಕ್ಕೆ ಇಂದಿಗೂ ವಿಜ್ಞಾನಿಗಳು ಆ ತಳಿಯ ಹೆಸರನ್ನೇ ಇಟ್ಟು ಕರೆಯುತ್ತಾರೆ. ಅವಸರದಲ್ಲಿ ಮುಗಿಸಿ ತೋರಿಸಬೇಕೆಂಬ ಆಸೆಗೂ ಈ ನಷ್ಟಕ್ಕೂ ಸಂಬಂಧವಿದೆಯೆಂದು ನನ್ನ ಅಭಿಪ್ರಾಯ. ಪ್ರಬಲವಾದ ಒಂದು ಗುಣಾಣುವನ್ನು ಸೇರಿಸಿದರೆ ಫಲಿತಾಂಶ ಬೇಗ ಕಣ್ಣಿಗೆ ಕಾಣುತ್ತದೆ, ವರದಿಯನ್ನು ಬರೆಯಬಹುದು. ಅನೇಕ ಸಣ್ಣ ಗುಣಾಣುಗಳಿಂದ ಕೂಡಿದ ಸಾಧಾರಣ ತಾಳ್ಮೆಯನ್ನು ಬೆಳೆಸುವವನಿಗೆ ಮೂರು ವರ್ಷದ ಕೊನೆಯಲ್ಲಿ ತೋರಿಸಲು ಏನೂ ಇರುವುದಿಲ್ಲ. ಪರೀಕ್ಷೆಗಾಗಿ ಮಾತ್ರ ಓದಿಸಿದ ತರಗತಿಯನ್ನು ಮುಂದಿನ ವರ್ಷ ವಹಿಸಿಕೊಂಡ ಉಪಾಧ್ಯಾಯರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಇನ್ನು, ಅರ್ಧಕ್ಕೆ ಬಿಟ್ಟು ಹೋಗುವುದರ ವಿಚಾರ. ಇದಕ್ಕೆ ನಮ್ಮ ದೇಶದವರೇ ಒಬ್ಬರ ನಿದರ್ಶನವಿದೆ. ಎಂ. ಎಸ್. ಸ್ವಾಮಿನಾಥನ್ ಅವರನ್ನು ನಾವು ಗೋದಿಯ ಕ್ರಾಂತಿಯೊಡನೆ ನೆನೆಯುತ್ತೇವೆ. ಆದರೆ ಅವರ ಯೌವನದ ವರ್ಷಗಳು ಸಂದದ್ದು ಆಲೂಗೆಡ್ಡೆಗೆ. 1943ರ ಬಂಗಾಳದ ಕ್ಷಾಮವು ಅವರನ್ನು ಕೃಷಿವಿದ್ಯೆಯ ಕಡೆಗೆ ತಿರುಗಿಸಿತು. ಪೊಲೀಸ್ ಸೇವೆಗೆ ಆಯ್ಕೆಯಾಗಿದ್ದರೂ ಅದನ್ನು ಬಿಟ್ಟು, 1949ರಲ್ಲಿ ಯುನೆಸ್ಕೋ ವಿದ್ಯಾರ್ಥಿವೇತನದ ಮೇಲೆ ಹಾಲೆಂಡಿನ ವಾಗೆನಿಂಗೆನ್‌ಗೆ ಹೋದರು. ಸಮುದ್ರದಿಂದ ಗೆದ್ದುಕೊಂಡ ಅಲ್ಲಿಯ ಹೊಲಗಳಲ್ಲಿ ಆಲೂಗೆಡ್ಡೆಯ ಬೇರನ್ನು ಹಿಡಿಯುವ ಹೊನ್ನಬಣ್ಣದ ದುಂಡುಹುಳುವಿನ ಕಾಟವಿತ್ತು; ಅದನ್ನು ತಡೆಯುವ ಗುಣಕ್ಕಾಗಿ ಕಾಡುಜಾತಿಗಳನ್ನು ಪರಿಶೀಲಿಸುವುದು ಅವರ ಕೆಲಸವಾಯಿತು. ಅಲ್ಲಿಂದ ಕೇಂಬ್ರಿಜ್, 1952ರಲ್ಲಿ ಡಾಕ್ಟರೇಟ್. ಅದರ ಮರುಗಳಿಗೆಯಲ್ಲಿಯೇ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ, ಇಂದು ನನ್ನ ಶಿಷ್ಯೆಗೆ ಒದಗಬಹುದಾದಂತಹುದೇ ಒಂದು ಅಲ್ಪಾವಧಿಯ ಸ್ಥಾನ. ಆಂಡೀಸ್ ಪರ್ವತದ ಎತ್ತರದಲ್ಲಿ ಬೆಳೆಯುವ ಸೊಲಾನಮ್ ಅಕಾಲೆ ಎಂಬ ಕಾಡುಜಾತಿಯ, ಹಿಮವನ್ನೂ ರೋಗವನ್ನೂ ತಾಳುವ ಗುಣವನ್ನು ಸಾಗುವಳಿಯ ಗೆಡ್ಡೆಗೆ ತರಲು ಅವರು ಅಲ್ಲಿ ಶ್ರಮಿಸಿದರು. ಮುಂದೆ ಅಲಾಸ್ಕಾ ಫ್ರಾಸ್ಟ್‌ಲೆಸ್ ಎಂದು ಹೆಸರಾದ ತಳಿಯ ಹಿಂದೆ ಆ ಕೆಲಸವಿದೆ. ಆ ವಿಶ್ವವಿದ್ಯಾಲಯವು ಖಾಯಂ ಹುದ್ದೆಯನ್ನು ಕೊಡುತ್ತೇವೆಂದಿತು. ಅವರು ಒಪ್ಪದೆ 1954ರ ಆರಂಭದಲ್ಲಿ, ಊರಿನಲ್ಲಿ ಯಾವ ಹುದ್ದೆಯೂ ಕಾದಿಲ್ಲದಿರುವಾಗ, ಹಿಂದಿರುಗಿದರು. ಕಟಕ್‌ನಲ್ಲಿ ಭತ್ತದ ಸಂಶೋಧನೆಯಲ್ಲಿ ತಾತ್ಕಾಲಿಕವಾಗಿ ಸೇರಿ, ಅದೇ ವರ್ಷ ದೆಹಲಿಯ ಸಂಸ್ಥೆಗೆ ಹೋದರು.

ಆಲೂಗೆಡ್ಡೆಯ ದೃಷ್ಟಿಯಿಂದ ನೋಡಿದರೆ ಇದು ತ್ಯಜಿಸಿ ಹೋದದ್ದೇ ಸರಿ. ಆದರೆ ಅವರು ಬರಿಗೈ ಕೊಡವಿಕೊಂಡು ಎದ್ದು ಬರಲಿಲ್ಲ. ಮಾಡಿದ ಸಂಕರಗಳು ಅಲ್ಲಿಯ ಕೇಂದ್ರದಲ್ಲಿ ಉಳಿದವು. ಮೆಕ್ಸಿಕೋದ ಕೆಲವು ಕಾಡುಜಾತಿಗಳು ಪರಸ್ಪರ ಕೂಡದಿರುವ ಅಡ್ಡಿಯನ್ನು ದಾಟುವ ಬಗೆಯನ್ನು ಕುರಿತು ಅವರು ಬರೆದ ಪ್ರಬಂಧ 1955ರಲ್ಲಿ, ಅಂದರೆ ಊರಿಗೆ ಬಂದ ಮೇಲೆ, ಪ್ರಕಟವಾಯಿತು. ಬೇರೆ ಬೆಳೆಗೆ ಕೈಹಾಕಿದವರು ಬಿಟ್ಟುಬಂದ ಬೆಳೆಯ ಲೆಕ್ಕವನ್ನು ಒಪ್ಪಿಸಿದರು. ಇದರಲ್ಲಿ ನನಗೆ ಧರ್ಮದ ಒಂದು ಅಂಶ ಕಾಣುತ್ತದೆ. ಕೆಲಸವನ್ನು ತಾನೇ ಮುಗಿಸಬೇಕೆಂಬ ಹಂಬಲದಲ್ಲಿ ಅಹಂಕಾರವೂ ಇರಬಹುದು. ಮತ್ತೊಬ್ಬನು ಹಿಡಿದುಕೊಳ್ಳುವಂತೆ ಅದನ್ನು ಇಟ್ಟುಹೋಗುವುದರಲ್ಲಿ ಇರುವುದು ಕರ್ತವ್ಯ ಮಾತ್ರ.

ಇದೇ ವಿಚಾರವನ್ನು ಇನ್ನೂ ಸ್ಪಷ್ಟವಾಗಿ ತೋರಿಸುವ ಕಥೆಯೊಂದು ಅದೇ ವಾಗೆನಿಂಗೆನ್‌ನಲ್ಲಿ ನಡೆದಿದೆ. ಸೊಲಾನಮ್ ಬಲ್ಬೊಕಾಸ್ಟಾನಮ್ ಎಂಬ ಮೆಕ್ಸಿಕೋದ ಕಾಡುಜಾತಿಗೆ ಅಂಗಮಾರಿಯನ್ನು ತಡೆಯುವ ಶಕ್ತಿ ಅಪಾರ. ಆದರೆ ಅದರ ವರ್ಣತಂತುಗಳು 24 ಮಾತ್ರ. ಸಾಗುವಳಿಯ ಗೆಡ್ಡೆಯೊಡನೆ ಅದು ಕೂಡುವುದಿಲ್ಲ. ಆಗ ನಡುವೆ ಸೇತುವೆ ಕಟ್ಟಿದರು. ಮೊದಲು ಅದನ್ನು ಅಕಾಲೆಯೊಡನೆ ಸಂಕರಿಸಿದರು. ಹುಟ್ಟಿದ ಸಸಿ ಬಂಜೆ. ಅದರ ವರ್ಣತಂತುಗಳನ್ನು ಔಷಧದಿಂದ ಇಮ್ಮಡಿಗೊಳಿಸಿ ಫಲವತ್ತಾಗಿಸಿದರು. ಅದನ್ನು ಆಂಡೀಸಿನ ಫುರೇಜ ಎಂಬ ಮತ್ತೊಂದರೊಡನೆ, ಆ ಸಂತಾನವನ್ನು ಕೊನೆಗೆ ನಮ್ಮ ಊಟದ ಆಲೂಗೆಡ್ಡೆಯೊಡನೆ ಕೂಡಿಸಿದರು. ಕೂಡಿಸಿದ ಹೂವುಗಳೆಷ್ಟೋ, ಕಾಯಿ ಕಟ್ಟಿದ್ದು ಅತ್ಯಲ್ಪ. ಈ ನಾಲ್ಕು ಕುಲದ ಸಂಕರವನ್ನು ವರ್ಣಿಸಿ 1973ರಲ್ಲಿ ಪ್ರಕಟವಾದ ಪ್ರಬಂಧದ ಮೇಲೆ ಎರಡು ಹೆಸರುಗಳಿವೆ: ಒಂದು ಹರ್ಮ್‌ಸೆನ್, ಇನ್ನೊಂದು ಎಂ. ಎಸ್. ರಾಮಣ್ಣ. ಎರಡನೆಯ ಹೆಸರನ್ನು ಓದಿದಾಗ ನಮ್ಮ ಕಿವಿ ನಿಮಿರುವುದು ಸಹಜ. ಆದರೆ ಆ ಪ್ರಬಂಧದಿಂದ ಮಾರುಕಟ್ಟೆಗೆ ಗೆಡ್ಡೆ ಬರಲಿಲ್ಲ. ಗೆಡ್ಡೆಯಲ್ಲಿ ಇನ್ನೂ ಕಾಡಿನ ಗುಣಗಳೇ ತುಂಬಿದ್ದವು. ಮತ್ತೆ ಮತ್ತೆ ಸಾಗುವಳಿಯ ತಳಿಯೊಡನೆ ಕೂಡಿಸಿ, ಆರಿಸಿ, ಬಯೊನಿಕಾ ಮತ್ತು ಟೊಲುಕಾ ಎಂಬ ತಳಿಗಳು ಹೊರಬಂದದ್ದು ಈ ಶತಮಾನದ ಮೊದಲ ದಶಕದಲ್ಲಿ. ಮೊದಲ ಸಂಕರದಿಂದ ಅಲ್ಲಿಯವರೆಗೆ ಸುಮಾರು 46 ವರ್ಷ.

ನಲವತ್ತಾರು ವರ್ಷವೆಂದರೆ ಒಬ್ಬ ಮನುಷ್ಯನ ಇಡೀ ವೃತ್ತಿಜೀವನಕ್ಕಿಂತ ಹೆಚ್ಚು. ಆ ಸಾಲಿನಲ್ಲಿ ಎಷ್ಟೋ ಮಂದಿ ಎರಡು ವರ್ಷ, ಮೂರು ವರ್ಷ ಇದ್ದು ಹೋಗಿರಲೇಬೇಕು. ಮೊಮ್ಮಕ್ಕಳಿಗಾಗಿ ಮಾವಿನ ಸಸಿಯನ್ನು ನೆಟ್ಟ ಮುದುಕನ ಕಥೆಯನ್ನು ನಾವು ಪಾಠದಲ್ಲಿ ಹೇಳುತ್ತೇವಷ್ಟೆ. ಆ ಕಥೆಯಿಂದ ಇಲ್ಲಿ ಪೂರ್ತಿ ಪ್ರಯೋಜನವಿಲ್ಲ. ಮಾವಿನ ಗಿಡವನ್ನು ನೆಟ್ಟು ಮುದುಕನು ಕಣ್ಣುಮುಚ್ಚಿದರೂ ಮಳೆ ಬಿಸಿಲುಗಳು ಅದನ್ನು ಬೆಳೆಸುತ್ತವೆ. ಆಲೂಗೆಡ್ಡೆಯ ಸಾಲನ್ನು ಒಂದು ವರ್ಷ ನೆಡದಿದ್ದರೆ ಗೆಡ್ಡೆ ಕೊಳೆತುಹೋಗುತ್ತದೆ, ಹಿಂದಿನ ಮೂವತ್ತು ವರ್ಷಗಳೂ ಅದರೊಡನೆ ಹೋಗುತ್ತವೆ. ಇಲ್ಲಿ ನೆಟ್ಟು ಫಲವನ್ನು ಬಯಸದಿರುವುದು ಸಾಲದು. ಮುಂದಿನ ಕೈ ಯಾವುದೆಂದು ನೋಡಿ ಕೊಡಬೇಕು. ಕೊಡುವಾಗ ಯಾವ ಗಿಡಕ್ಕೆ ಯಾವ ಗಿಡವನ್ನು ಕೂಡಿಸಿದೆ, ಯಾವುದು ಕಾಯಿ ಕಟ್ಟಲಿಲ್ಲ, ಯಾವುದನ್ನು ಎಸೆದೆ, ಏಕೆ ಎಸೆದೆ ಎಂಬುದನ್ನು ಬರೆದಿಡಬೇಕು. ಫಲಿಸಿದ್ದನ್ನು ಎಲ್ಲರೂ ಬರೆಯುತ್ತಾರೆ. ಫಲಿಸದಿದ್ದುದನ್ನು ಬರೆದಿಟ್ಟುಹೋಗುವವನು ಮುಂದಿನವನ ಎರಡು ವರ್ಷವನ್ನು ಉಳಿಸುತ್ತಾನೆ. ಅದಕ್ಕಾಗಿ ಅವನಿಗೆ ಪದಕವೇನೂ ಬರುವುದಿಲ್ಲ.

ಕೊಡುವ ಕೈಯನ್ನು ಕುರಿತು ಹೇಳುವಾಗ 1941ರ ಲೆನಿನ್‌ಗ್ರಾಡನ್ನು ನೆನೆಯದಿರಲಾಗದು. ವಾವಿಲೋವ್ ಎಂಬ ಮಹಾವಿಜ್ಞಾನಿಯ ಸಂಸ್ಥೆಯು ದಕ್ಷಿಣ ಅಮೆರಿಕದಿಂದ ತಂದ ಆಲೂಗೆಡ್ಡೆಗಳು ಊರ ಹೊರಗಿನ ಪಾವ್ಲೊವ್ಸ್ಕ್ ಹೊಲದಲ್ಲಿದ್ದವು. ವಾವಿಲೋವ್ ಆಗ ತನ್ನ ಸರ್ಕಾರದ ಸೆರೆಯಲ್ಲಿದ್ದನು. 1943ರ ಜನವರಿಯಲ್ಲಿ ಸರಾಟೊವ್ ಸೆರೆಮನೆಯಲ್ಲಿ ಸತ್ತನು. ಜರ್ಮನ್ ಸೈನ್ಯವು ಹತ್ತಿರ ಬಂದಾಗ ಕಮೆರಾಜ್ ಮತ್ತು ಓಲ್ಗಾ ವೊಸ್ಕ್ರೆಸೆನ್ಸ್ಕಯಾ ಎಂಬ ಇಬ್ಬರು ಗುಂಡಿನ ಸುರಿಮಳೆಯಲ್ಲಿ ಗೆಡ್ಡೆಗಳನ್ನು ಅಗೆದು ಊರೊಳಗೆ ಸಾಗಿಸಿದರು. ಮುತ್ತಿಗೆಯ ಚಳಿಗಾಲದಲ್ಲಿ ಆ ಗೆಡ್ಡೆಗಳು ಹೆಪ್ಪುಗಟ್ಟದಂತೆ ಸಂಸ್ಥೆಯ ನೆಲಮಾಳಿಗೆಯಲ್ಲಿ ಸೌದೆ ಉರಿಸಿ ಕಾದರು. ಊರಿನಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸಾಯುತ್ತಿದ್ದರು. ಆ ಸಂಸ್ಥೆಯವರೂ ಸತ್ತರು. ಭತ್ತದ ಸಂಗ್ರಹದ ಅಧಿಕಾರಿ ಇವಾನೊವ್ ಭತ್ತದ ಚೀಲಗಳ ನಡುವೆ ಸತ್ತನು. ಹಸಿದವನ ಎದುರಿಗೆ ತಿನ್ನಬಹುದಾದುದನ್ನು ಬಚ್ಚಿಡುವುದು ಧರ್ಮವೆ ಎಂದು ಕೇಳುವವರಿಗೆ ನಾನು ಸುಲಭದ ಉತ್ತರವನ್ನು ಕೊಡಲಾರೆ. ಅವರು ತಮಗಾಗಿಯೂ ಮುಟ್ಟಲಿಲ್ಲವೆಂಬ ಒಂದು ಸಂಗತಿ ಮಾತ್ರ ಅವರ ಪಕ್ಷದಲ್ಲಿ ನಿಲ್ಲುತ್ತದೆ.

ಅವರಿಗೂ ಹಿಂದೆ ಹೋದರೆ ಹೆಸರೇ ಇಲ್ಲದವರು ಸಿಗುತ್ತಾರೆ. ಪೆರು, ಬೊಲಿವಿಯಾ ದೇಶಗಳ ಬೆಟ್ಟದ ರೈತರು ಸಾವಿರಾರು ವರ್ಷ ಸಾವಿರಾರು ಬಗೆಯ ಗೆಡ್ಡೆಗಳನ್ನು ನೆಟ್ಟು ಉಳಿಸಿದರು. ಡಾಕ್ಟರೇಟ್ ಪದವಿಯ ತಳಿವಿಜ್ಞಾನಿಯು ಈ ಸಾಲಿನ ಮೊದಲನೆಯವನಲ್ಲ, ಬಹಳ ತಡವಾಗಿ ಬಂದವನು. ಈ ಋಣವನ್ನು ತೀರಿಸಿದ ಉದಾಹರಣೆ ಅಪರೂಪ, ಆದರೆ ಇದೆ. 1971ರಲ್ಲಿ ಲೀಮಾ ನಗರದಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರವು 2004ರಲ್ಲಿ ಕುಸ್ಕೊ ಸೀಮೆಯ ಪಿಸಾಕ್ ಬಳಿಯ ಕೆಚುವಾ ಗ್ರಾಮಗಳೊಡನೆ ಒಪ್ಪಂದ ಮಾಡಿಕೊಂಡು, ಹಿಂದೆ ಅಲ್ಲಿಂದ ಸಂಗ್ರಹಿಸಿದ್ದ ಊರತಳಿಗಳನ್ನು, ರೋಗದ ಸೋಂಕನ್ನು ನೀಗಿ, ಅವರಿಗೆ ಹಿಂದಕ್ಕೆ ಕೊಟ್ಟಿತು. ಪಡೆದವನು ಮುಂದಕ್ಕೆ ಮಾತ್ರವಲ್ಲ, ಹಿಂದಕ್ಕೂ ಕೊಡಬೇಕಾದುದುಂಟೆಂದು ಆ ಕೇಂದ್ರದವರಿಗೆ ತೋಚಿದ್ದು ಸಂತೋಷದ ಸಂಗತಿ.

ಈಗ ಆ ತಂದೆಯ ಪ್ರಶ್ನೆಯ ಇನ್ನೊಂದು ಅರ್ಧವನ್ನು ಎತ್ತಿಕೊಳ್ಳಬೇಕು. ಕೆಲಸದ ಧರ್ಮವನ್ನು ಇಷ್ಟು ಹೊತ್ತು ಕೆಲಸಗಾರನ ಕಡೆಯಿಂದಲೇ ಹೇಳಿದೆನು. ಕೆಲಸ ಕೊಡುವವರಿಗೆ ಧರ್ಮವಿಲ್ಲವೆ? ಹನ್ನೆರಡು ವರ್ಷದ ಕೆಲಸಕ್ಕೆ ಮೂರು ವರ್ಷದ ಆಳನ್ನು ನೇಮಿಸಿ, ಅವಧಿ ಮುಗಿದ ದಿನ ಮುಂದಿನವರನ್ನು ನೇಮಿಸದೆ ಬಾಗಿಲು ಹಾಕುವ ಸಂಸ್ಥೆಯು, ಹೋಗುವವನಿಗೆ ನಿಷ್ಕಾಮಕರ್ಮವನ್ನು ಬೋಧಿಸಿದರೆ ಅದು ಬೋಧೆಯಾಗದು, ಮಿತವ್ಯಯಕ್ಕೆ ಹೊದಿಸಿದ ಕಾವಿಯಾದೀತು. ಫಲವನ್ನು ಬಯಸಬೇಡವೆಂಬ ಮಾತನ್ನು ಮನುಷ್ಯನು ತನಗೆ ತಾನು ಹೇಳಿಕೊಂಡರೆ ಶೋಭಿಸುತ್ತದೆ. ಸಂಬಳ ಕೊಡುವವನು ಸಂಬಳ ಪಡೆಯುವವನಿಗೆ ಹೇಳಿದರೆ ಶೋಭಿಸುವುದಿಲ್ಲ. ಗಡಿನಾಡಿನ ಕನ್ನಡ ಶಾಲೆಗಳಲ್ಲಿ ತಾತ್ಕಾಲಿಕ ಉಪಾಧ್ಯಾಯರಾಗಿ ದುಡಿದವರು ಈ ವ್ಯತ್ಯಾಸವನ್ನು ಅನುಭವದಿಂದ ಬಲ್ಲರು. ಅವಧಿ ಮುಗಿದು ಅವರು ಹೊರಟಾಗ ತರಗತಿಯನ್ನು ಯಾರ ಕೈಗೆ ಒಪ್ಪಿಸಬೇಕೆಂದು ತಿಳಿಯದೆ ಹಾಜರಿ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದುಂಟು. ಮಕ್ಕಳನ್ನು ಬೀರುವಿನಲ್ಲಿಡಲು ಬರುವುದಿಲ್ಲ. ಆಲೂಗೆಡ್ಡೆಯನ್ನೂ ಇಡಲು ಬರುವುದಿಲ್ಲ.

ಆದ್ದರಿಂದ ಶಿಷ್ಯೆಗೆ ನಾನು ಬರೆದದ್ದಿಷ್ಟು: ಸ್ಥಾನವನ್ನು ಒಪ್ಪುವ ಮೊದಲು ಸಂಬಳವನ್ನು ವಿಚಾರಿಸು, ಅದರಲ್ಲಿ ನಾಚಿಕೆಯಿಲ್ಲ, ಆದರೆ ಅದರೊಡನೆ ಇನ್ನೂ ಎರಡನ್ನು ವಿಚಾರಿಸು. ನಿನಗಿಂತ ಮುಂಚೆ ಆ ಮೇಜಿನ ಬಳಿ ಕುಳಿತವರ ಟಿಪ್ಪಣಿ ಪುಸ್ತಕಗಳು ಅಲ್ಲಿವೆಯೆ? ನೀನು ಹೋದ ವರ್ಷ ಆ ಸಾಲುಗಳನ್ನು ನೆಡುವವರು ಯಾರು? ಇವೆರಡಕ್ಕೆ ಸರಿಯಾದ ಉತ್ತರ ಬಂದರೆ ಮೂರು ವರ್ಷವೆಂಬುದು ಅಲ್ಪವಲ್ಲ. ಬಾರದಿದ್ದರೆ ಹತ್ತು ವರ್ಷ ಕೊಟ್ಟರೂ ಅಲ್ಪವೇ. ಇಂದು ಗುಣಾಣುವನ್ನು ನೇರವಾಗಿ ಗುರುತಿಸಿ ಎತ್ತಿಕೊಳ್ಳುವ ವಿದ್ಯೆ ಬಂದಿದೆ. ಬಲ್ಬೊಕಾಸ್ಟಾನಮ್‌ನ ನಿರೋಧಕ ಗುಣಾಣುವೊಂದನ್ನು 2003ರಲ್ಲಿಯೇ ಪ್ರತ್ಯೇಕಿಸಿದ್ದಾರೆ. ನಲವತ್ತಾರು ವರ್ಷದ ದಾರಿ ಇನ್ನು ಬಹಳ ಕಿರಿದಾಗುವುದೆಂದು ಅವಳು ಉತ್ತರ ಬರೆದಳು. ಆಗಲಿ, ಸಂತೋಷ. ದಾರಿಯು ಕಿರಿದಾದ ಮಾತ್ರಕ್ಕೆ ರೋಗಾಣುವು ಕೀಲಿ ಮಾಡಿಸುವುದನ್ನು ಬಿಡುವುದಿಲ್ಲವೆಂದು ಮಾತ್ರ ನಾನು ನೆನಪಿಸಿದೆನು.

ತಾಳವಾಡಿಯ ಕಡೆಯ ನಮಗೆ ನೀಲಗಿರಿಯು ನೆರೆಯ ಬೆಟ್ಟ. ಸ್ವಾಮಿನಾಥನ್ ಅವರು ಹಾಲೆಂಡಿನ ಹೊಲಗಳಲ್ಲಿ ನೋಡಿದ್ದ ಅದೇ ಹೊನ್ನಬಣ್ಣದ ಹುಳುವನ್ನು ಜೋನ್ಸ್ ಎಂಬ ಆಂಗ್ಲ ವಿಜ್ಞಾನಿಯು 1961ರಲ್ಲಿ ಉದಕಮಂಡಲದ ಹೊಲವೊಂದರಲ್ಲಿ ಕಂಡುಹಿಡಿದನು. ಭಾರತದಲ್ಲಿ ಅದು ಕಂಡದ್ದು ಅದೇ ಮೊದಲು. ಹುಳು ಹರಡದಿರಲೆಂದು 1971ರಲ್ಲಿ ನೀಲಗಿರಿಯ ಬಿತ್ತನೆ ಗೆಡ್ಡೆಯನ್ನು ಹೊರಗೆ ಸಾಗಿಸದಂತೆ ನಿರ್ಬಂಧವಾಯಿತು. ಬಡಗರೇ ಮೊದಲಾದ ಬೆಳೆಗಾರರು ಅದರ ನಷ್ಟವನ್ನು ಹೊತ್ತರು. ಉದಕಮಂಡಲದ ಬಳಿಯ ಮುತ್ತೋರೈಯಲ್ಲಿ 1957ರಲ್ಲಿ ಆರಂಭವಾಗಿದ್ದ ಆಲೂಗೆಡ್ಡೆ ಸಂಶೋಧನಾ ಕೇಂದ್ರದವರು ಹುಳುವನ್ನೂ ಅಂಗಮಾರಿಯನ್ನೂ ತಡೆಯುವ ಗೆಡ್ಡೆಗಾಗಿ ದುಡಿದು, 1985ರಲ್ಲಿ ಕುಫ್ರಿ ಸ್ವರ್ಣವನ್ನು ಕೊಟ್ಟರು. ಅದರ ಒಂದು ಕಡೆಯ ಪೂರ್ವಜ ಅರ್ಜೆಂಟೀನಾದ ಬೆಟ್ಟದ ವರ್ನೆಯಿ ಎಂಬ ಕಾಡುಜಾತಿ, ಯುರೋಪಿನಲ್ಲಿ ಯಾರೋ ಸಂಕರಿಸಿಟ್ಟದ್ದು. ಇನ್ನೊಂದು ಕಡೆಯದು ನಮ್ಮ ಕುಫ್ರಿ ಜ್ಯೋತಿ, ಅಂಗಮಾರಿಯ ಎದುರಿಗೆ ಕಾಲಕ್ರಮದಲ್ಲಿ ಕುಂದಿದ ಅದೇ ಜ್ಯೋತಿ. ಹುಳುವಿನ ಕೋಶವೊಂದರಲ್ಲಿ ನೂರಾರು ಮೊಟ್ಟೆಗಳಿರುತ್ತವೆ. ಆಲೂಗೆಡ್ಡೆಯ ಬೇರು ಸಮೀಪಕ್ಕೆ ಬರುವವರೆಗೆ ಅವು ಮಣ್ಣಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಜೀವ ಹಿಡಿದು ಕಾಯಬಲ್ಲವು.